ಎಪ್ಪತ್ತು ದಾಟಿದರೆ ನಡುಗುವ ಕಾರು

ಗಂಟೆಗೆ ಎಪ್ಪತ್ತು ಕಿಲೋಮೀಟರ್‌ವರೆಗೆ ನನ್ನ ಮೊದಲ ಕಾರಿನಲ್ಲಿ ಯಾವ ದೋಷವೂ ಇರಲಿಲ್ಲ. ಎಪ್ಪತ್ತು ದಾಟಿದ ಕೂಡಲೇ ಸ್ಟಿಯರಿಂಗ್ ಸಣ್ಣಗೆ ನಡುಗಲು ಶುರುಮಾಡುತ್ತಿತ್ತು. ಎಂಬತ್ತಕ್ಕೆ ಹೋದರೆ ಹಿಡಿದ ಕೈಗಳು ಮೊಣಕೈವರೆಗೆ ಅದುರುತ್ತಿದ್ದವು. ವೇಗ ಇಳಿಸಿದರೆ ಏನೂ ನಡೆದೇ ಇಲ್ಲವೆಂಬಂತೆ ಸುಮ್ಮನಾಗುತ್ತಿತ್ತು. ಹೊಸ ಶತಮಾನ ಆಗಷ್ಟೇ ಶುರುವಾಗಿದ್ದ ಬೆಂಗಳೂರಿನಲ್ಲಿ ಎಪ್ಪತ್ತು ದಾಟುವ ಅವಕಾಶವೇ ಅಪರೂಪವಾಗಿದ್ದರಿಂದ, ಇದನ್ನು ದೋಷ ಎನ್ನಬೇಕೇ ಬೇಡವೇ ಎಂಬ ಬಗ್ಗೆ ನಗರದಲ್ಲಿ ಭಿನ್ನಾಭಿಪ್ರಾಯವಿತ್ತು.

ನನ್ನ ಮಾವನವರಿಗೆ ಭಿನ್ನಾಭಿಪ್ರಾಯವಿರಲಿಲ್ಲ. ಅವರು ಮೂವತ್ತು ವರ್ಷ ಸರ್ಕಾರಿ ಬಸ್ಸು ಓಡಿಸಿ ನಿವೃತ್ತರಾಗಿ ಹೊಸಕೋಟೆಯಲ್ಲಿ ನೆಲೆಸಿದ್ದವರು. ಹೆರಿಗೆಗೆಂದು ತವರಿಗೆ ಹೋಗಿದ್ದ ನನ್ನ ಹೆಂಡತಿ ಅವರ ಮನೆಯಲ್ಲೇ ಬಾಣಂತನದಲ್ಲಿದ್ದಳು. ನಾನು ರಾಮಮೂರ್ತಿ ನಗರದ ಬಾಡಿಗೆ ಮನೆಯಲ್ಲಿ ಒಬ್ಬನೇ ಇದ್ದೆ. ಕಂಟೋನ್ಮೆಂಟಿನ ಪತ್ರಿಕಾ ಕಚೇರಿಯಲ್ಲಿ ಬೇರೆಯವರ ವರದಿಗಳನ್ನು ತಿದ್ದುತ್ತಿದ್ದೆ. ಮಗಳನ್ನು ಭಾನುವಾರಗಳಂದು ಹೋಗಿ ನೋಡಿ ಬರುತ್ತಿದ್ದೆ. ವಾರಕ್ಕೊಮ್ಮೆ ಬರುವ ಕನ್ನಡಕದ ಮನುಷ್ಯನನ್ನು ಕಂಡರೆ ಅವಳು ತುಟಿ ಹೊರಳಿಸಿ ಅಳುತ್ತಿದ್ದಳು.

ನಮ್ಮ ಮನೆಗಳಲ್ಲಿ ತಾಯಿ ಮಗುವನ್ನು ಬೆಸ ತಿಂಗಳಲ್ಲಿ ಕಳಿಸುವುದು ರೂಢಿ. ಮೂರನೇ ತಿಂಗಳಲ್ಲಿ ಅತ್ತೆಯವರು, "ಇನ್ನೂ ಕತ್ತೇ ನಿಂತಿಲ್ಲ" ಎಂದು ಬಿಟ್ಟುಕೊಡಲಿಲ್ಲ. ಐದನೇ ತಿಂಗಳಲ್ಲಿ, ದೀಪಾವಳಿ ಕಳೆದ ಮೇಲಿನ ಒಂದು ಬುಧವಾರ ಗೊತ್ತಾಯಿತು. ಅದು ತಪ್ಪಿದರೆ ಏಳನೇ ತಿಂಗಳು ಪೂರ್ತಿ ಧನುರ್ಮಾಸ, ಕಳಿಸುವ ಮಾತೇ ಇಲ್ಲ. ಅಂದರೆ ಒಂಬತ್ತನೇ ತಿಂಗಳು. ಅಷ್ಟರಲ್ಲಿ ಅವಳು ಅಂಬೆಗಾಲಿಟ್ಟು ಮನೆಯೆಲ್ಲ ಓಡಾಡುತ್ತಿರುತ್ತಾಳೆ, ನಾನಿನ್ನೂ ಭಾನುವಾರದ ಮನುಷ್ಯನಾಗಿಯೇ ಇರುತ್ತೇನೆ.

ಅವರಿಬ್ಬರನ್ನು ಕರೆತರಲೆಂದೇ ನಾನು ಕಾರು ಕೊಂಡದ್ದು. ಹಳೆಯ ಕಾರು. ಪಿತೃಪಕ್ಷದಲ್ಲಿ ಯಾರೂ ವಾಹನ ಕೊಳ್ಳುವುದಿಲ್ಲವಾದ್ದರಿಂದ ಕಡಿಮೆಗೆ ಸಿಕ್ಕಿತು. ಈ ವಿಚಾರವನ್ನು ನಾನು ಬುದ್ಧಿವಂತಿಕೆ ಎಂದು ಹೇಳಿಕೊಂಡೆ, ಅತ್ತೆಯವರು ಬೇರೆ ಪದ ಬಳಸಿದರು. ಪೂಜೆಯಾಗದ ಗಾಡಿ ಹತ್ತುವುದಿಲ್ಲ ಎಂದು ಮಾವನವರು ಸ್ಪಷ್ಟವಾಗಿ ತಿಳಿಸಿದ್ದರು. ಹೀಗಾಗಿ ಅವರನ್ನು ಮೊದಲ ಸಲ ಕೂರಿಸಿಕೊಂಡದ್ದು ಆಯುಧಪೂಜೆ ಮುಗಿದ ಮೇಲಿನ ಭಾನುವಾರ. ಹೊಸಕೋಟೆ ದಾಟಿ ಕೋಲಾರದ ರಸ್ತೆಯಲ್ಲಿ ಹೊರಟೆವು. ಪಕ್ಕದ ಸೀಟಿನಲ್ಲಿ ಕುಳಿತಿದ್ದರೂ ಅವರ ಬಲಗಾಲು ಅಲ್ಲಿಲ್ಲದ ಬ್ರೇಕನ್ನು ಒತ್ತಿಕೊಂಡೇ ಇತ್ತು. ಮುಂದೆ ರಸ್ತೆ ಖಾಲಿ ಸಿಕ್ಕಿತು. ಅಳಿಯನ ಕಾರು ಏನೆಂದು ತೋರಿಸಬೇಕೆನಿಸಿ ಎಂಬತ್ತಕ್ಕೆ ಏರಿಸಿದೆ. ಸ್ಟಿಯರಿಂಗ್ ಜ್ವರ ಬಂದವರಂತೆ ನಡುಗಿತು.

"ನಿಲ್ಸಿ ಅಳಿಯಂದ್ರೇ."

ನಿಲ್ಲಿಸಿದೆ. ಅವರು ಇಳಿದು ಕಾರಿನ ಸುತ್ತ ಒಂದು ಸುತ್ತು ಬಂದರು. ಏನನ್ನೂ ಮುಟ್ಟಲಿಲ್ಲ.

"ಇದು ಹಿಂಗೇ ನಡುಗ್ತದಾ?"

"ಎಪ್ಪತ್ತು ದಾಟಿದ್ರೆ ಸ್ವಲ್ಪ. ಹಳೇ ಗಾಡಿ ಅಲ್ವಾ ಮಾವ, ಮಾಮೂಲಿ" ಎಂದೆ. ನಾನೂ ಅದನ್ನು ಕಾಣುತ್ತಿದ್ದದ್ದು ಅವತ್ತೇ ಮೊದಲು. ಆದರೆ ನನ್ನ ಕಾರಿನ ಬಗ್ಗೆ ನನಗೇ ಗೊತ್ತಿಲ್ಲವೆಂದು ಮೂವತ್ತು ವರ್ಷ ಬಸ್ಸು ಓಡಿಸಿದವರ ಮುಂದೆ ಒಪ್ಪಿಕೊಳ್ಳುವುದು ಹೇಗೆ?

"ಮಗೂನ ಇದ್ರಲ್ಲಿ ಕಳ್ಸಲ್ಲ."

"ಎಪ್ಪತ್ತು ದಾಟಿಸಲ್ಲ ಮಾವ. ಅರವತ್ರಲ್ಲೇ ಹೋಗ್ತೀನಿ."

"ನೆಗಡಿ ಆದೋನು ಸೀನಲ್ಲ ಅಂದಂಗಾಯ್ತು. ಸರಿ ಮಾಡ್ಸ್ಕೊಂಡು ಬನ್ನಿ, ಕರ್ಕೊಂಡು ಹೋಗಿ."

ಬಾಡಿಗೆ ಕಾರು ತರುತ್ತೇನೆಂದೆ. ಗುರುತು ಪರಿಚಯವಿಲ್ಲದ ಡ್ರೈವರ್ ಕೈಗೆ ಮಗುವನ್ನು ಒಪ್ಪಿಸುವುದು ಆಗದು ಎಂದರು. ಬಸ್ಸು ಎಂದೆ. ತೊಟ್ಟಿಲು, ಎರಡು ಪೆಟ್ಟಿಗೆ, ಕೊಬ್ಬರಿ ಎಣ್ಣೆಯ ಡಬ್ಬ, ಐದು ತಿಂಗಳ ಕೂಸು ಇವನ್ನೆಲ್ಲ ಹೊತ್ತು ಬಸ್ಸು ಹತ್ತುವ ಯೋಜನೆಗೆ ನನ್ನ ಹೆಂಡತಿ ಒಂದೇ ನೋಟದಲ್ಲಿ ಉತ್ತರ ಕೊಟ್ಟಳು.

ಬುಧವಾರಕ್ಕೆ ಇನ್ನೂ ಮೂರೂವರೆ ವಾರವಿತ್ತು. ಕಚೇರಿಯ ಅಭ್ಯಾಸದಂತೆ ಒಂದು ನೋಟ್‌ಬುಕ್ ತೆರೆದೆ. ಯಾವ ರಸ್ತೆ, ಎಷ್ಟು ವೇಗ, ನಡುಕ ಎಷ್ಟು, ಯಾರು ಏನೆಂದರು: ಎಲ್ಲ ದಿನಾಂಕ ಸಹಿತ. ಸುದ್ದಿಮನೆಯಲ್ಲಿ ಒಬ್ಬನ ಮಾತು ನಂಬಿ ಒಂದು ಸಾಲೂ ಅಚ್ಚಿಗೆ ಕೊಡಬಾರದು ಎಂಬ ನಿಯಮವಿತ್ತು. ಕಾರಿನ ವಿಷಯದಲ್ಲಿಯೂ ಹಾಗೇ ನಡೆಯಲು ನಿರ್ಧರಿಸಿದೆ. ಮನೆ ಮಾಲೀಕರು, ಒಂದು ಕಾಲಕ್ಕೆ ಆ ಜಾಗದಲ್ಲೇ ರಾಗಿ ಬೆಳೆಯುತ್ತಿದ್ದವರು, ಈಗ ಆರು ಬಾಡಿಗೆ ಮನೆ ಬೆಳೆದಿದ್ದವರು, ಕೇಳುವ ಮೊದಲೇ ಹೇಳಿಕೆ ನೀಡಿದರು: "ಆ ದುಡ್ಡಿಗೆ ಮಾರತ್ತಹಳ್ಳಿ ಕಡೆ ಒಂದು ಸೈಟ್ ತಗೊಂಡಿದ್ರೆ ಆಗೋದಪ್ಪ. ಸೈಟು ನಡುಗಲ್ಲ." ಇದನ್ನೂ ಬರೆದುಕೊಂಡೆ.

ಮೊದಲು ಹೋದದ್ದು ಶಿವಾಜಿನಗರದ ಮಾರುಕಟ್ಟೆಯ ಹಿಂದಿನ ಗಲ್ಲಿಗೆ. ಗಡ್ಡಕ್ಕೆ ಮೆಹಂದಿ ಹಚ್ಚಿದ್ದ ಮೆಕ್ಯಾನಿಕ್‌ನನ್ನು ಎಲ್ಲರೂ ಉಸ್ತಾದ್ ಎನ್ನುತ್ತಿದ್ದರು. ಬಾನೆಟ್ ತೆರೆಯದೆ ಶಬ್ದ ಕೇಳಿಯೇ ರೋಗ ಹೇಳುತ್ತಾರೆಂದು ಕಚೇರಿಯ ಹಲವರು ಪ್ರಮಾಣ ಮಾಡಿದ್ದರು. ಉಸ್ತಾದ್ ಸ್ಟಿಯರಿಂಗ್ ಹಿಡಿದರು, ನಾನು ಪಕ್ಕದಲ್ಲಿ ಕುಳಿತೆ. ಗಲ್ಲಿಯಿಂದ ಮಸೀದಿಯ ಮೂಲೆವರೆಗೆ ಈರುಳ್ಳಿ ಗಾಡಿಯೊಂದರ ಹಿಂದೆ ಹೋದೆವು. ಮೂಲೆಯಲ್ಲಿ ತಿರುಗಿ ಇನ್ನೊಂದು ಈರುಳ್ಳಿ ಗಾಡಿಯ ಹಿಂದೆ ಬಂದೆವು. ಮುಳ್ಳು ಹದಿನೈದನ್ನು ದಾಟಲಿಲ್ಲ.

"ಎಲ್ಲಿ ಸಾಬ್ ಶೇಕು? ಮಖ್ಖನ್ ತರಾ, ಬೆಣ್ಣೆ ಹಂಗೆ ಹೋಗ್ತಾ ಐತೆ."

"ಎಪ್ಪತ್ತು ದಾಟಿದ ಮೇಲೆ ಉಸ್ತಾದ್."

"ಎಪ್ಪತ್ತು?" ಉಸ್ತಾದ್ ಎಂಜಿನ್ ಆರಿಸಿ ನನ್ನತ್ತ ತಿರುಗಿದರು. "ನಾನು ಹುಟ್ಟಿದ್ದು ಈ ಗಲ್ಲೀಲೇ ಸಾಬ್. ಇಲ್ಲಿ ಮಿನಿಸ್ಟರ್ ಬಂದ್ರೂ ಇಪ್ಪತ್ತು. ನೀವು ಎಪ್ಪತ್ತು ಹೋಗ್ತೀರಿ, ಆಮೇಲೆ ಗಾಡಿ ಮೇಲೆ ಕಂಪ್ಲೇಂಟ್ ಹೇಳ್ತೀರಿ. ಗಾಡಿ ಬಿಚಾರಿ ಏನ್ ಮಾಡ್ತದೆ?"

ಆದರೂ ಬಂದ ಗಿರಾಕಿಯನ್ನು ಬರಿಗೈಯಲ್ಲಿ ಕಳಿಸುವ ಸ್ವಭಾವ ಅವರದಲ್ಲ. ಸ್ಟಿಯರಿಂಗಿನ ತಿರುವನ್ನು ಚಕ್ರಕ್ಕೆ ಮುಟ್ಟಿಸುವ ರಾಡು ಸವೆದಿದೆ ಎಂದು ತೀರ್ಮಾನಿಸಿ ಬದಲಾಯಿಸಿದರು. ಮರುದಿನ ಬೆಳಿಗ್ಗೆ ಹಳೇ ಮದ್ರಾಸ್ ರಸ್ತೆಯಲ್ಲಿ ಹೊಸಕೋಟೆಯ ಕಡೆಗೆ ಹೋಗಿ ನೋಡಿದೆ. ಎಪ್ಪತ್ತೆರಡಕ್ಕೆ ನಡುಕ ಹಾಜರಿತ್ತು. ನೋಟ್‌ಬುಕ್ಕಿನಲ್ಲಿ ಬರೆದೆ: ರಾಡು ಹೊಸದು, ನಡುಕ ಹಳೆಯದು.

ಎರಡನೆಯವರು ಹಲಸೂರಿನವರು. ಕೆರೆಯ ಹತ್ತಿರದ ರಸ್ತೆಯಲ್ಲಿ ಷೆಡ್ಡು, ಬಿಳಿ ಪಂಚೆ, ಹಣೆಯಲ್ಲಿ ವಿಭೂತಿ, ತಮಿಳು ಬೆರೆತ ಕನ್ನಡ. ಕಾರು ಶಿವಾಜಿನಗರದಲ್ಲಿ ರಿಪೇರಿಯಾಗಿದೆ ಎಂದು ತಿಳಿದೊಡನೆ ಮುಖ ಸಪ್ಪೆ ಮಾಡಿದರು.

"ಅಯ್ಯೋ ಸಾರ್! ಅಲ್ಲಿ ಯಾಕೆ ಹೋದ್ರಿ? ಅವರು ಕೈ ಇಟ್ಟ ಗಾಡೀನ ಸರಿ ಮಾಡೋದೇ ನನ್ನ ಅರ್ಧ ಬಿಸಿನೆಸ್. ಇದು ಅಲೈಮೆಂಟ್ ಸಾರ್. ಪಾರುಂಗೊ, ನೋಡಿ, ಈಗ ತೋರಿಸ್ತೀನಿ."

ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ ಬಿಳಿ ದಾರ ಎಳೆದು ಕಟ್ಟಿ, ಒಂದು ಕಣ್ಣು ಮುಚ್ಚಿ, ಚಕ್ರ ಎಷ್ಟು ಓರೆಯಾಗಿದೆ ಎಂದು ನೋಡುವ ವಿಧಾನ ಅವರದು. ಹೂ ಕಟ್ಟುವ ದಾರ. ಮಲ್ಲಿಗೆಯ ವಾಸನೆ ಇನ್ನೂ ಇತ್ತು. ದಾರವನ್ನು ಬಿಚ್ಚಿ, ಕಟ್ಟಿ, ಸ್ಪ್ಯಾನರ್ ತಿರುಗಿಸಿ ಒಂದು ಗಂಟೆ ದುಡಿದರು. ಪರೀಕ್ಷೆಗೆ ಕಂಟೋನ್ಮೆಂಟಿನ ಮಿಲಿಟರಿ ರಸ್ತೆಗೆ ಕರೆದೊಯ್ದರು. ನೇರ ರಸ್ತೆ, ಎರಡೂ ಬದಿ ಮರ, ಮುಂದೆ ಹಿಂದೆ ಯಾರೂ ಇಲ್ಲ. ಕೊನೆಗೂ ಎಪ್ಪತ್ತು ಕಾಣಬಹುದೆಂದು ಸೀಟಿನಲ್ಲಿ ನೆಟ್ಟಗೆ ಕುಳಿತೆ. ಅವರು ನಲವತ್ತಕ್ಕೆ ಹೋಗಿ ಅಲ್ಲೇ ನಿಂತರು. ವೇಗಮಿತಿಯ ಬೋರ್ಡಿತ್ತು.

"ಇನ್ನೂ ಸ್ವಲ್ಪ ಒತ್ತಿ" ಎಂದೆ.

"ಮಿಲ್ಟ್ರಿ ಪೊಲೀಸ್ ಹಿಡಿದ್ರೆ ಸ್ಟಿಯರಿಂಗ್ ಅಲ್ಲ ಸಾರ್, ನಾನೇ ಶೇಕ್ ಆಗ್ಬಿಡ್ತೀನಿ. ನಲವತ್ತಲ್ಲಿ ಸರಿ ಇದ್ರೆ ಎಂಬತ್ತಲ್ಲೂ ಸರಿ. ಡಬಲ್ ತಾನೇ?"

ಈ ಲೆಕ್ಕವನ್ನು ಅವರ ಮಾತಿನಲ್ಲೇ ದಾಖಲಿಸಿದೆ. ಆ ದಿನದಿಂದ ಕಾರು ಎಪ್ಪತ್ತರಲ್ಲಿ ನಡುಗುವುದರ ಜೊತೆಗೆ ಎಲ್ಲ ವೇಗದಲ್ಲೂ ಎಡಕ್ಕೆ ಎಳೆಯತೊಡಗಿತು.

ಭಾನುವಾರ ಹೊಸಕೋಟೆಗೆ ಬಸ್ಸಿನಲ್ಲಿ ಹೋದೆ. ಕಾರೆಲ್ಲಿ ಎಂದು ಮಾವನವರು ಕೇಳಲಿಲ್ಲ, ಆ ಸೌಜನ್ಯ ಅವರಲ್ಲಿತ್ತು. ಹೆಂಡತಿಯಲ್ಲಿರಲಿಲ್ಲ.

"ಏನ್ರೀ, ನಡುಗೋದು ನಿಲ್ತಾ?"

"ಈಗ ಎಡಕ್ಕೂ ಎಳೀತಿದೆ."

"ನಿಮ್ ಪೇಪರ್‌ನಲ್ಲಿ ಒಂದು ಸಂಪಾದಕೀಯ ಬರೀರಿ. ಅದು ಓದಿದ್ರೆ ಎಂಥದ್ದೂ ನಿಂತ್ಹೋಗತ್ತೆ."

ಮಗಳನ್ನು ಚಾಪೆಯ ಮೇಲೆ ಮಲಗಿಸಿದ್ದರು. ಅವಳು ಒಂದು ಭುಜವನ್ನು ಎತ್ತಿ, ಮುಖ ಕೆಂಪಗೆ ಮಾಡಿಕೊಂಡು, ಬೋರಲಾಗಿ ಮಗುಚಿದಳು. ನಾನು ಕೂಗಿ ಎಲ್ಲರನ್ನೂ ಕರೆದೆ. ಅವಳು ಹಾಗೆ ಮಾಡಲು ಶುರುಮಾಡಿ ಎಂಟು ದಿನವಾಗಿದೆ ಎಂದು ಅತ್ತೆಯವರು ಅಡುಗೆಮನೆಯಿಂದಲೇ ತಿಳಿಸಿದರು. ನನ್ನ ಕೂಗಿಗೆ ಬೆಚ್ಚಿದ ಮಗಳು ಅಳತೊಡಗಿದ್ದರಿಂದ ಹೆಂಡತಿ ಎತ್ತಿಕೊಂಡು ಒಳಗೆ ಹೋದಳು. ಬಾಗಿಲಲ್ಲಿ ನಿಂತು, ಈ ಸಲ ಹಾಸ್ಯವಿಲ್ಲದೆ, "ಬುಧವಾರದ ಒಳಗೆ ಆಗತ್ತಲ್ವಾ?" ಎಂದಳು. ಆಗುತ್ತದೆ ಎಂದೆ. ಆಧಾರವೇನೂ ಇರಲಿಲ್ಲ.

ಮೂರನೆಯದು ಇಂದಿರಾನಗರದ ದೊಡ್ಡ ವರ್ಕ್‌ಷಾಪು. ಕಾಯುವವರಿಗೆ ಎ.ಸಿ. ಕೋಣೆ, ಕಾಗದದ ಲೋಟದಲ್ಲಿ ಕಾಫಿ, ಓದಲು ಮೂರು ತಿಂಗಳ ಹಿಂದಿನ ನಮ್ಮದೇ ಪತ್ರಿಕೆ. ಟೈ ಕಟ್ಟಿದ ಮೇಲ್ವಿಚಾರಕ ಒಂದು ಫಾರಂ ಹಿಡಿದು ಕುಳಿತ. ಅದರಲ್ಲಿ 'ಎಂದಿನಿಂದ ತೊಂದರೆ' ಎಂಬ ಕಾಲಂ ಕೂಡ ಇತ್ತು.

"ಸೆಕೆಂಡ್ ಹ್ಯಾಂಡಾ ಸಾರ್?"

"ಹೌದು."

"ಹಾಗಿದ್ರೆ ಪರ್ಚೇಸ್ ಮಾಡಿದಾಗಿಂದ" ಎಂದು ಅವನೇ ಹೇಳಿಕೊಂಡು ಅವನೇ ತುಂಬಿದ. ಬೇರೆಯವರ ತಪ್ಪು ತಿದ್ದಿ ಸಂಬಳ ತೆಗೆದುಕೊಳ್ಳುತ್ತಿದ್ದ ನಾನು ಅದನ್ನು ತಿದ್ದಲಿಲ್ಲ. ಮಾವನವರಿಗೆ ಮಾಮೂಲಿ ಎಂದು ಹೇಳಿಯಾಗಿತ್ತು. ಹೇಳಿ ಹೇಳಿ ನಾನೂ ಅದನ್ನು ನಂಬತೊಡಗಿದ್ದೆ.

ಅವನ ಪರೀಕ್ಷೆ ನೂರಡಿ ರಸ್ತೆಯಲ್ಲಿ ನಡೆಯಿತು. ಎರಡು ಸಿಗ್ನಲ್‌ಗಳ ನಡುವೆ ಐವತ್ತೈದು ಮುಟ್ಟಿದ. ಅಲ್ಲಿಯವರೆಗಿನ ದಾಖಲೆ ಅದೇ. ಎಡಕ್ಕೆ ಎಳೆಯುವುದನ್ನು ಯಂತ್ರಕ್ಕೆ ಹಾಕಿ ಚೊಕ್ಕವಾಗಿ ಸರಿಪಡಿಸಿದ. ಹಲಸೂರಿನ ದಾರದ ಬಗ್ಗೆ ಹೇಳಿದಾಗ ನಕ್ಕು ಒಳಗಿದ್ದ ಇಬ್ಬರನ್ನು ಕರೆದು ಮತ್ತೊಮ್ಮೆ ಹೇಳಿಸಿದ. ನಡುಕದ ಎದುರು ಮಾತ್ರ 'ದೂರು ಕಂಡುಬಂದಿಲ್ಲ' ಎಂದು ಬರೆದು ಸೀಲು ಒತ್ತಿದ.

"ಕಂಡುಬರೋ ವೇಗಕ್ಕೆ ನೀವು ಹೋಗಲೇ ಇಲ್ವಲ್ಲ?"

"ಟೆಸ್ಟ್ ಡ್ರೈವ್‌ಗೆ ನಮ್ಗೆ ರೂಟ್ ಫಿಕ್ಸ್ ಇದೆ ಸಾರ್. ಬೇಕಂದ್ರೆ ನಾಲ್ಕೂ ಟೈರ್ ಚೇಂಜ್ ಮಾಡ್ಕೊಳ್ಳಿ. ಸೇಫ್ ಸೈಡ್."

ಹೀಗೆ ಮೂರು ವಾರಗಳಲ್ಲಿ ಮೂವರು ಪರಿಣತರು ಹದಿನೈದು, ನಲವತ್ತು, ಐವತ್ತೈದರ ವೇಗದಲ್ಲಿ, ಎಪ್ಪತ್ತರ ಮೇಲೆ ಬರುವ ಕಾಯಿಲೆಯನ್ನು ಪರೀಕ್ಷಿಸಿದ್ದರು. ನೋಟ್‌ಬುಕ್ಕಿನ ಇಪ್ಪತ್ತು ಪುಟ ತುಂಬಿತ್ತು. ಗೊತ್ತಾದ ಬುಧವಾರಕ್ಕೆ ಮೂರೇ ದಿನವಿದ್ದ ಭಾನುವಾರ, ಬೆಳಿಗ್ಗೆ ಬೇಗ ಎದ್ದು, ನಡುಗುವ ಕಾರಿನಲ್ಲೇ ಹೊಸಕೋಟೆಗೆ ಹೋದೆ. ಸೋಲನ್ನು ಒಪ್ಪಿಕೊಳ್ಳುವ ಮೊದಲು ಪಟ್ಟ ಶ್ರಮಕ್ಕೆ ಪುರಾವೆ ಇರಲೆಂದು ನೋಟ್‌ಬುಕ್ಕನ್ನು ಮಾವನವರ ಕೈಗೆ ಕೊಟ್ಟೆ.

ಅವರು ಕನ್ನಡಕ ಹಾಕಿಕೊಂಡು, ಜಗುಲಿಯಲ್ಲಿ ಕುಳಿತು, ಒಂದೊಂದೇ ಪುಟವನ್ನು ಬೆರಳಿಟ್ಟು ಓದಿದರು. ಸೈಟು ನಡುಗಲ್ಲ ಎಂಬಲ್ಲಿ ಮಾತ್ರ ನಕ್ಕರು. ಪೂರ್ತಿ ಓದಿ, ಮತ್ತೆ ಮೊದಲ ಪುಟಕ್ಕೆ ಬಂದರು.

"ಚೆನ್ನಾಗಿ ಬರ್ದಿದೀರಿ. ಗಾಡಿ ತಗೊಂಡಿದ್ದು ಯಾವಾಗ?"

"ಪಿತೃಪಕ್ಷದಲ್ಲಿ."

"ಈ ಪುಸ್ತಕ ಶುರುವಾಗೋದು ಹಬ್ಬ ಆದ್ಮೇಲೆ. ನಡುವೆ ಗಾಡಿ ಓಡಿಸ್ಲಿಲ್ವಾ?"

"ಓಡಿಸ್ದೆ. ಎರಡು ಭಾನುವಾರ ಇಲ್ಲಿಗೇ ಬಂದಿದ್ನಲ್ಲ."

"ಎಂಬತ್ತು ಹೋಗಿದ್ರಾ?"

"ಹೋಗಿದ್ದೆ."

"ಆಗ ನಡುಗ್ತಾ?"

ಈ ಪ್ರಶ್ನೆಯನ್ನು ಮೂರು ವಾರಗಳಲ್ಲಿ ಯಾರೂ ಕೇಳಿರಲಿಲ್ಲ, ನಾನೂ ಸೇರಿ. ಎಲ್ಲರ ಹೇಳಿಕೆ ಪಡೆದಿದ್ದೆ, ನನ್ನದೊಂದನ್ನು ಬಿಟ್ಟು.

"ಇಲ್ಲ" ಎಂದೆ.

"ಆವತ್ತು ಮಾಮೂಲಿ ಅಂದ್ರಿ?"

"ಅಂದಿದ್ದೆ."

ಅವರು ಕನ್ನಡಕ ತೆಗೆದರು. ಅವರಿಗೆ ಸಿಟ್ಟು ಬಂದಂತಿರಲಿಲ್ಲ. ಅದೇ ಹೆಚ್ಚು ಕಷ್ಟವಾಯಿತು. "ಹಬ್ಬಕ್ಕೆ ಏನ್ ಮಾಡಿದ್ರಿ ಗಾಡಿಗೆ?"

ಹೇಳಿದೆ. ಆಯುಧಪೂಜೆಯ ಹಿಂದಿನ ದಿನ ರಜೆ ಹಾಕಿ, ನಾನೇ ಕೂತು ಕಾರು ತೊಳೆದಿದ್ದೆ. ಮಾವನವರು ಮೊದಲ ಸಲ ಹತ್ತುವ ಕಾರು ಹೊಸದರಂತೆ ಕಾಣಲಿ ಎಂದು ಚಕ್ರದ ಉಕ್ಕಿನ ಭಾಗಕ್ಕೆ ಬೆಳ್ಳಿ ಬಣ್ಣ ಬಳಿದಿದ್ದೆ. ಬಳಿಯುವಾಗ ಅಂಚಿನಲ್ಲಿ ಅಲ್ಲಲ್ಲಿ ಬೆರಳುಗಾತ್ರದ ಬೂದು ತುಂಡುಗಳು ಕಚ್ಚಿಕೊಂಡಿದ್ದವು. ಹಿಂದಿನ ಮಾಲೀಕನ ಕೊಳಕುತನ ಎಂದುಕೊಂಡು ಸ್ಕ್ರೂಡ್ರೈವರ್‌ನಿಂದ ಮೀಟಿ ತೆಗೆದು, ಕಸದ ಬುಟ್ಟಿಗೆ ಹಾಕಿ, ಸಮನಾಗಿ ಬಣ್ಣ ಬಳಿದೆ. ನಾಲ್ಕು ಚಕ್ರಕ್ಕೂ ಕುಂಕುಮ ಇಟ್ಟೆ.

ಮಾವನವರು ಎದ್ದು ಚಪ್ಪಲಿ ಹಾಕಿಕೊಂಡರು. "ನಡೀರಿ ಕೆ.ಆರ್. ಪುರಕ್ಕೆ."

ಅಲ್ಲಿನ ಟೈರ್ ಅಂಗಡಿಯವರು ಗರುಡಾಚಾರ್‌ಪಾಳ್ಯದ ಕಾರ್ಖಾನೆಯೊಂದರಲ್ಲಿ ಕೆಲಸ ಬಿಟ್ಟು ಸ್ವಂತ ಅಂಗಡಿ ಹಾಕಿದ ನಡುವಯಸ್ಸಿನವರು. ಕಾರು ನಿಲ್ಲುವ ಮೊದಲೇ ಫಳಫಳ ಹೊಳೆಯುವ ಚಕ್ರಗಳನ್ನು ನೋಡಿ ತಲೆಯಾಡಿಸಿದರು.

"ಹಬ್ಬಕ್ಕೆ ತೊಳೆದ್ರಾ ಸಾರ್? ಸೀಸದ ತುಂಡು ಕಿತ್ತಾಕಿದ್ರಾ?"

ಸಾರ್ ಎಂದದ್ದು ಮಾವನವರಿಗೆ. ಅವರು ಹೆಬ್ಬೆರಳನ್ನು ನನ್ನ ಕಡೆ ತೋರಿಸಿದರು. "ನಮ್ಮ ಅಳಿಯಂದ್ರು. ಪೇಪರ್‌ನಲ್ಲಿ ಕೆಲಸ."

"ಪರ್ವಾಗಿಲ್ಲ ಬಿಡಿ. ಹೋದ ವಾರ ಒಬ್ರು ಇಂಜಿನಿಯರ್ ಬಂದಿದ್ರು, ಫೈಲ್ ಹಾಕಿ ಉಜ್ಜಿ ತೆಗೆದಿದ್ರು. ಆಯುಧಪೂಜೆ ಆದ್ಮೇಲೆ ಒಂದು ತಿಂಗಳು ನಮ್ಗೆ ಇದೇ ಸೀಸನ್ನು."

ಒಂದೊಂದೇ ಚಕ್ರವನ್ನು ಬಿಚ್ಚಿ ಯಂತ್ರಕ್ಕೆ ಸಿಕ್ಕಿಸಿ ತಿರುಗಿಸಿದರು. ಯಾವ ಟೈರೂ ಸುತ್ತಲೂ ಒಂದೇ ತೂಕ ಇರುವುದಿಲ್ಲ, ಹಗುರವಿರುವ ಕಡೆ ಆ ಸೀಸ ಕಚ್ಚಿಸಿ ಸಮ ಮಾಡುತ್ತಾರೆ, ನಿಧಾನಕ್ಕೆ ಹೋಗುವಾಗ ಅದು ಇಲ್ಲದ್ದು ಗೊತ್ತೇ ಆಗುವುದಿಲ್ಲ, ವೇಗಕ್ಕೆ ಹೋದಾಗ ಚಕ್ರ ಕುಣಿಯುತ್ತದೆ ಎಂದು ವಿವರಿಸಿದರು. ಸುತ್ತಿಗೆಯಲ್ಲಿ ಮೆಲ್ಲಗೆ ಬಡಿದು ಹೊಸ ಸೀಸ ಕೂರಿಸಿದರು. ನಲವತ್ತು ನಿಮಿಷದ ಕೆಲಸ. ನನ್ನ ಬೆಳ್ಳಿ ಬಣ್ಣ ಆ ಜಾಗಗಳಲ್ಲಿ ಚಕ್ಕೆ ಎದ್ದಿತು.

ವಾಪಸು ಬರುವಾಗ ಮಾವನವರು ಕೈ ಚಾಚಿ ಕೀ ಇಸಿದುಕೊಂಡರು. ಮೇಡಹಳ್ಳಿ ದಾಟಿ ರಸ್ತೆ ಬಿಡುವಾದ ಮೇಲೆ ಅರವತ್ತು, ಎಪ್ಪತ್ತು, ಎಂಬತ್ತು. ಸ್ಟಿಯರಿಂಗ್ ಮೇಲೆ ಎರಡೇ ಬೆರಳಿಟ್ಟು ಎಂಬತ್ತೈದರವರೆಗೆ ಹೋದರು. ಬೆರಳುಗಳು ಅಲುಗಲಿಲ್ಲ.

"ಗಾಡಿ ಪಾಸು" ಎಂದರು.

ಅವರು ವೇಗ ಇಳಿಸುತ್ತ, ರಸ್ತೆಯ ಮೇಲಿನ ಕಣ್ಣು ತೆಗೆಯದೆ ಮುಂದುವರಿಸಿದರು: "ಗೊತ್ತಿಲ್ಲ ಅಂದಿದ್ರೆ ಆವತ್ತೇ ಮುಗೀತಿತ್ತು. ಗೊತ್ತಿಲ್ಲ ಅನ್ನೋ ಡ್ರೈವರ್ ಜೊತೆ ಮೂವತ್ತು ವರ್ಷ ಡ್ಯೂಟಿ ಮಾಡಿದೀನಿ, ತೊಂದ್ರೆ ಇಲ್ಲ. ಮಾಮೂಲಿ ಅನ್ನೋರ ಜೊತೆ ಆಗಲ್ಲ. ಬುಧವಾರ ನಾನೇ ಓಡಿಸ್ತೀನಿ. ನೀವು ಹಿಂದೆ ಕೂತ್ಕೊಳ್ಳಿ."

ವಾದಿಸಲು ನನ್ನ ಬಳಿ ದಾಖಲೆ ಇರಲಿಲ್ಲ.

ಬುಧವಾರ ರಾಹುಕಾಲಕ್ಕೆ ಮುಂಚೆ, ಬೆಳಿಗ್ಗೆ ಹತ್ತರ ಹೊತ್ತಿಗೆ ಹೊರಟೆವು. ಮಾವನವರು ಇಸ್ತ್ರಿ ಮಾಡಿದ ಅಂಗಿ ಹಾಕಿ ಸ್ಟಿಯರಿಂಗ್ ಮುಂದೆ ಕುಳಿತರು. ಅವರ ಪಕ್ಕದ ಸೀಟಿನಲ್ಲಿ ಅತ್ತೆಯವರ ಕಾಲುಗಳ ಮೇಲೆ ತೊಟ್ಟಿಲಿನ ಬಿಡಿಭಾಗಗಳಿದ್ದವು. ಹಿಂದಿನ ಸೀಟಿನ ಅರ್ಧವನ್ನು ಪೆಟ್ಟಿಗೆಗಳು ಹಿಡಿದಿದ್ದವು. ಹೆಂಡತಿಯ ಒಂದು ಕೈಯಲ್ಲಿ ಎಣ್ಣೆ ಡಬ್ಬ, ಇನ್ನೊಂದರಲ್ಲಿ ಹಾಲಿನ ಫ್ಲಾಸ್ಕ್. ಹೀಗಾಗಿ ಮಗುವನ್ನು ಹಿಡಿಯಲು ಕಾರಿನಲ್ಲಿ ಖಾಲಿ ಇದ್ದ ಕೈಗಳು ನನ್ನವು ಮಾತ್ರ.

ಅವಳು ನನ್ನ ಮುಖ ನೋಡಿ, ತುಟಿ ಹೊರಳಿಸಿ, ಮೇಡಹಳ್ಳಿಯವರೆಗೆ ಅತ್ತಳು. ಯಾರೂ ಅವಳನ್ನು ನನ್ನಿಂದ ತೆಗೆದುಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಆಮೇಲೆ ನನ್ನ ಅಂಗಿಯ ಗುಂಡಿಯೊಂದನ್ನು ಹಿಡಿದುಕೊಂಡು, ಅದನ್ನೇ ದಿಟ್ಟಿಸುತ್ತ ಸುಮ್ಮನಾದಳು. ಕಣ್ಣು ಮುಚ್ಚಿದಾಗಲೂ ಗುಂಡಿ ಬಿಡಲಿಲ್ಲ.

"ಅಳಿಯಂದ್ರೇ, ತಲೆ" ಎಂದರು ಮಾವನವರು, ಕನ್ನಡಿಯಲ್ಲಿ ನೋಡುತ್ತ.

ಅವಳ ತಲೆಯ ಕೆಳಗೆ ನನ್ನ ಎಡ ಮೊಣಕೈಯನ್ನು ಇನ್ನಷ್ಟು ಒಳಗೆ ತಂದೆ. ರಾಮಮೂರ್ತಿ ನಗರ ಬರುವ ಹೊತ್ತಿಗೆ ಆ ಕೈ ಪೂರ್ತಿ ಜೋಮು ಹಿಡಿದಿತ್ತು. ಮನೆಯ ಮುಂದೆ ಕಾರು ನಿಂತು, ಅತ್ತೆಯವರು ಇಳಿದು, ಆರತಿ ಸಿದ್ಧವಾಗಲಿ ಎಂದು ಮಾಲೀಕರ ಹೆಂಡತಿಯನ್ನು ಕೂಗಿದರು. ನನ್ನ ಹೆಂಡತಿ ಮಗುವಿಗಾಗಿ ಕೈ ಚಾಚಿದಳು.

"ಎದ್ದುಬಿಡ್ತಾಳೆ" ಎಂದು ಹೇಳಿ, ಆರತಿ ಬರುವವರೆಗೆ ಹಾಗೇ ಕುಳಿತಿದ್ದೆ.